14 ಬ್ರಾಂಚ್, ತೆವಳುವ ಬಿಲ್ಲಿಂಗ್: ಎಸ್‌ಡಿ-ವ್ಯಾನ್ ಹಾಕಿಸಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದು ಕೃಷಿ ಯಂತ್ರ ಮತ್ತು ಬಿಡಿಭಾಗಗಳ ವ್ಯಾಪಾರ. ಗದಗ, ಸವದತ್ತಿ, ರಾಣೆಬೆನ್ನೂರು, ಶಿರಸಿ, ಕುಮಟಾ ಎಲ್ಲ ಸೇರಿ 14 ಬ್ರಾಂಚ್. ಐಟಿ ಅಂದ್ರೆ ನಾನು ಮತ್ತು ಇನ್ನೊಬ್ಬ ಹುಡುಗ, ಅಷ್ಟೇ. ಪ್ರತಿ ಬ್ರಾಂಚ್‌ಗೂ 4 ಎಂಬಿಪಿಎಸ್ ಎಂಪಿಎಲ್‌ಎಸ್ ಲೈನ್ (ಟೆಲಿಕಾಂ ಕಂಪನಿ ಕೊಡುವ ಖಾಸಗಿ ಲೈನ್) ಇದೆ. ಇಂಟರ್ನೆಟ್ ಕೂಡ ಹುಬ್ಬಳ್ಳಿ ಮೂಲಕವೇ ಹೋಗುತ್ತದೆ. ಬೆಳಗ್ಗೆ 11 ದಾಟಿದರೆ ಬಿಲ್ಲಿಂಗ್ ತೆವಳುತ್ತದೆ. ಈಗ ಒಬ್ಬ ವೆಂಡರ್ ಬಂದು, ಎಸ್‌ಡಿ-ವ್ಯಾನ್ (ಎಲ್ಲ ಬ್ರಾಂಚ್‌ನ ಲೈನ್‌ಗಳನ್ನು ಸಾಫ್ಟ್‌ವೇರ್‌ನಿಂದ ಒಂದೇ ಕಡೆ ನಿಭಾಯಿಸುವ ವ್ಯವಸ್ಥೆ) ಹಾಕಿಸಿ, ಖರ್ಚು ಅರ್ಧ ಆಗುತ್ತೆ ಅಂತ ಕೊಟೇಶನ್ ಇಟ್ಟು ಹೋಗಿದ್ದಾರೆ. ನಮ್ಮ ಯಜಮಾನರು "ಇದರಿಂದ ನಮಗೇನು ಲಾಭ? ತಿಳಿಯುವ ಹಾಗೆ ಹೇಳು" ಅಂತಾರೆ. ಈ ಕೆಲಸದಲ್ಲಿ ಇರುವವರು ಯಾರಾದ್ರೂ ಹೇಳ್ತೀರಾ?

ಉತ್ತರ (ನೆಟ್‌ವರ್ಕ್ ಇಂಜಿನಿಯರ್):
ನಮಸ್ಕಾರ ಸರ್. ಮೊದಲು ಆ "ಖರ್ಚು ಅರ್ಧ" ಅನ್ನೋ ಮಾತನ್ನು ಪಕ್ಕಕ್ಕಿಡಿ. ಎಂಪಿಎಲ್‌ಎಸ್‌ಗೆ ಹೋಲಿಸಿದರೆ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೊಂದು ಎಂಬಿಪಿಎಸ್ ತುಂಬಾ ಅಗ್ಗ, ಅದು ನಿಜ. ಆದರೆ ಪ್ರತಿ ಬ್ರಾಂಚ್‌ಗೆ ಎರಡು ಲೈನ್, ಒಂದು 4ಜಿ ಸಿಮ್, ಅಲ್ಲಿ ಕೂರಿಸುವ ಎಸ್‌ಡಿ-ವ್ಯಾನ್ ಬಾಕ್ಸ್, ಅದರ ವರ್ಷದ ಲೈಸೆನ್ಸ್ ಎಲ್ಲ ಕೂಡಿಸಿ ನೋಡಿ. ಉಳಿತಾಯ ಕರಗುತ್ತಾ ಹೋಗುತ್ತದೆ. ದುಡ್ಡು ಉಳಿಸೋಕೆ ಅಂತಲೇ ಹಾಕಿಸಿದವರಿಗೆ ಆಮೇಲೆ ಬೇಸರವೇ ಜಾಸ್ತಿ.

ನಿಮ್ಮ ತೊಂದರೆ ಬೇರೆ ಇದೆ. ಕುಮಟಾದಲ್ಲಿ ಒಬ್ಬ ಡೀಲರ್‌ಗೆ ಬಿಲ್ ಹಾಕುತ್ತೀರಿ. 5 ಕೋಟಿ ರೂಪಾಯಿಗಿಂತ ಜಾಸ್ತಿ ವಹಿವಾಟಿನ ವ್ಯಾಪಾರಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ, ಅಲ್ವಾ? ಸರ್ಕಾರದ ಪೋರ್ಟಲ್‌ನಿಂದ ಐಆರ್‌ಎನ್ (ಬಿಲ್‌ನ ನೋಂದಣಿ ಸಂಖ್ಯೆ) ಬರದೆ ಆ ಬಿಲ್ ಆಗುವುದಿಲ್ಲ. ಆ ವಿನಂತಿ ಕುಮಟಾದಿಂದ ಸಣ್ಣ ಪೈಪಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಇಂಟರ್ನೆಟ್‌ಗೆ ಹೋಗಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಅದೇ 4 ಎಂಬಿಪಿಎಸ್‌ನಲ್ಲಿ ಕಂಪ್ಯೂಟರ್‌ಗಳ ವಿಂಡೋಸ್ ಅಪ್‌ಡೇಟ್ ಇದೆ, ಸಿಬ್ಬಂದಿಯ ವಾಟ್ಸಾಪ್ ವೆಬ್ ಇದೆ, ಕಂಪನಿ ಕಳಿಸಿದ ಟ್ರ್ಯಾಕ್ಟರ್ ವಿಡಿಯೋ ಕೂಡ ಇದೆ. 11 ಗಂಟೆಗೆ ತೆವಳದೆ ಇನ್ನೇನು ಮಾಡೀತು?

ಎಸ್‌ಡಿ-ವ್ಯಾನ್‌ನಲ್ಲಿ ಬ್ರಾಂಚ್ ಬಾಕ್ಸ್ ಯಾವ ಲೈನ್ ಸಿಕ್ಕರೂ, ಬ್ರಾಡ್‌ಬ್ಯಾಂಡ್ ಇರಲಿ, 4ಜಿ ಇರಲಿ, ಹಳೆಯ ಎಂಪಿಎಲ್‌ಎಸ್ ಇರಲಿ, ಅದರ ಮೇಲೆ ಎನ್‌ಕ್ರಿಪ್ಟ್ ಆದ ಟನೆಲ್, ಅಂದ್ರೆ ಹೊರಗಿನವರು ಓದಲಾಗದ ದಾರಿ, ಕಟ್ಟುತ್ತದೆ. ಯಾವ ಅಪ್ಲಿಕೇಶನ್ ಯಾವ ದಾರಿಯಲ್ಲಿ ಹೋಗಬೇಕು ಅಂತ ನೀವು ಹುಬ್ಬಳ್ಳಿಯಲ್ಲಿ ಕೂತು ಒಂದೇ ಪರದೆಯಲ್ಲಿ ಬರೆಯುತ್ತೀರಿ. ಸ್ಟಾಕ್ ಸರ್ವರ್‌ಗೆ ಹೋಗುವುದು ಟನೆಲ್‌ನಲ್ಲಿ. ಜಿಎಸ್‌ಟಿ ಪೋರ್ಟಲ್, ಮೇಲ್, ವಿಡಿಯೋ ಕಾಲ್ ಎಲ್ಲ ಬ್ರಾಂಚ್‌ನಿಂದಲೇ ನೇರ ಹೊರಗೆ. ಹುಬ್ಬಳ್ಳಿ ಸುತ್ತು ತಪ್ಪುತ್ತದೆ. ನಿಮ್ಮ ಬಿಲ್ಲಿಂಗ್ ತೊಂದರೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಹೋಗಬಹುದು.

ಆದರೆ ನನ್ನ ಪ್ರಕಾರ ದೊಡ್ಡ ಲಾಭ ಇನ್ನೊಂದು. ಲೈನ್ ಪೂರ್ತಿ ಸತ್ತರೆ ಯಾರಿಗಾದ್ರೂ ಗೊತ್ತಾಗುತ್ತದೆ. ಸಾಯದೆ ನರಳುವ ಲೈನ್‌ದೇ ಕಾಟ. ದೀಪ ಹಸಿರು ಇರುತ್ತದೆ, ಪಿಂಗ್ (ಲೈನ್ ಬದುಕಿದೆಯಾ ಅಂತ ನೋಡುವ ಪರೀಕ್ಷೆ) ಹೋಗುತ್ತದೆ, ಆದರೆ ನೂರು ಪ್ಯಾಕೆಟ್‌ನಲ್ಲಿ, ಅಂದ್ರೆ ಡೇಟಾದ ತುಣುಕಿನಲ್ಲಿ, ಒಂದೆರಡು ಕಳೆದು ಹೋಗುತ್ತಿರುತ್ತವೆ. ಟಿಸಿಪಿ (ಇಂಟರ್ನೆಟ್‌ನಲ್ಲಿ ಡೇಟಾ ಸಾಗಿಸುವ ನಿಯಮ)ದ ಹಳೆಯ ಲೆಕ್ಕದಲ್ಲಿ, ಹೋಗಿ ಬರಲು 40 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ನೂರಕ್ಕೆ ಒಂದು ಪ್ಯಾಕೆಟ್ ಕಳೆದರೆ, ಒಂದು ಕನೆಕ್ಷನ್‌ಗೆ ಸಿಗುವುದು ಸುಮಾರು 3ರಿಂದ 4 ಎಂಬಿಪಿಎಸ್. ನೀವು ತಗೊಂಡಿದ್ದು 100 ಎಂಬಿಪಿಎಸ್ ಪ್ಲಾನ್ ಆದರೂ ಅಷ್ಟೇ. ಸ್ಪೀಡ್ ಟೆಸ್ಟ್ ಒಟ್ಟಿಗೆ ಹಲವು ಕನೆಕ್ಷನ್ ತೆರೆಯುವುದರಿಂದ ಅದರಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಕಸ್ಟಮರ್ ಕೇರ್‌ನವರು "ನಮ್ಮ ಕಡೆ ಸರಿ ಇದೆ ಸರ್" ಅಂತಾರೆ. ಬ್ರಾಂಚ್‌ನವರು "ಸಾಫ್ಟ್‌ವೇರ್ ಹ್ಯಾಂಗ್" ಅಂತ ನಿಮಗೆ ಫೋನ್ ಮಾಡುತ್ತಾರೆ.

ಎಸ್‌ಡಿ-ವ್ಯಾನ್ ಬಾಕ್ಸ್ ಪ್ರತಿ ಟನೆಲ್‌ನಲ್ಲೂ ಸದಾ ಸಣ್ಣ ಪರೀಕ್ಷಾ ಪ್ಯಾಕೆಟ್ ಕಳಿಸುತ್ತಾ ವಿಳಂಬ, ಜಿಟರ್ (ವಿಳಂಬದ ಏರಿಳಿತ), ಲಾಸ್ (ಕಳೆದುಹೋಗುವ ಪ್ಯಾಕೆಟ್) ಮೂರನ್ನೂ ಅಳೆಯುತ್ತದೆ. ನೀವು ಹಾಕಿದ ಮಿತಿ ದಾಟಿದರೆ ಆ ಅಪ್ಲಿಕೇಶನ್ ಅನ್ನು ಮಾತ್ರ ಇನ್ನೊಂದು ಲೈನ್‌ಗೆ ಎತ್ತಿ ಹಾಕುತ್ತದೆ. ಇಂಟರ್‌ಕಾಮ್ ಕರೆಗಳಿಗೆ ಇನ್ನೂ ಒಂದು ದಾರಿ ಇದೆ. ಒಂದು ಕರೆಗೆ ಬೇಕಾಗಿರುವುದು 100 ಕೆಬಿಪಿಎಸ್‌ಗಿಂತ ಕಡಿಮೆ. ಅದೇ ಪ್ಯಾಕೆಟ್ ಅನ್ನು ಎರಡೂ ಲೈನ್‌ನಲ್ಲಿ ಕಳಿಸಿ, ಮೊದಲು ಬಂದದ್ದನ್ನು ಇಟ್ಟುಕೊಂಡರಾಯಿತು.

ಒಂದು ಕಿವಿಮಾತು. ಇಂಥ ಬದಲಾವಣೆ ಎಷ್ಟು ಬೇಗ ಆಗುತ್ತದೆ ಅನ್ನೋದು ಸೆಟ್ಟಿಂಗ್ ಮೇಲಿದೆ. ಸಿಸ್ಕೋ 2017ರಲ್ಲಿ ಕೊಂಡ ವೈಪ್ಟೆಲಾ ಅನ್ನೋ ಎಸ್‌ಡಿ-ವ್ಯಾನ್ ಕಂಪನಿಯ ವ್ಯವಸ್ಥೆಯಲ್ಲಿ ಪರೀಕ್ಷಾ ಪ್ಯಾಕೆಟ್ ಸೆಕೆಂಡಿಗೊಂದು ಹೋಗುತ್ತದೆ, ಆದರೆ ಲೈನ್‌ನ ಗುಣಮಟ್ಟದ ಲೆಕ್ಕಕ್ಕೆ ಮೂಲ ಸೆಟ್ಟಿಂಗ್ 10 ನಿಮಿಷ. ಅದನ್ನು ಯಾರೂ ಮುಟ್ಟದೆ ಬಿಟ್ಟರೆ, ಲೈನ್ ನರಳುತ್ತಿದ್ದರೂ ಬಾಕ್ಸ್ ಸುಮ್ನೆ ನೋಡುತ್ತಾ ಕೂರುತ್ತದೆ. ಹಾಗಾಗಿ ಕೇಬಲ್ ಕಿತ್ತು ತೋರಿಸುವ ಡೆಮೋಗೆ ಮರುಳಾಗಬೇಡಿ. ಅಷ್ಟನ್ನು ಯಾವ ರೌಟರ್ ಆದರೂ ಮಾಡುತ್ತದೆ. ನಿಮ್ಮ ಅತಿ ಕೆಟ್ಟ ಬ್ರಾಂಚ್‌ನಲ್ಲಿ, ಸಾಧ್ಯವಾದರೆ ಮಳೆಗಾಲದಲ್ಲೇ, ಒಂದು ತಿಂಗಳು ಓಡಿಸಿ ತೋರಿಸಿ ಅನ್ನಿ.

ಸದಸ್ಯರೊಬ್ಬರು:
ಮೇಡಂ, ನಮ್ಮಲ್ಲಿ ಎರಡು ಬೇರೆ ಬೇರೆ ಕಂಪನಿಯ ಫೈಬರ್ ಇದೆ. ಆದ್ರೂ ಮೊನ್ನೆ ಜೆಸಿಬಿಯವನು ಅಗೆದಾಗ ಎರಡೂ ಒಟ್ಟಿಗೆ ಹೋದವು. ಇದೆಲ್ಲ ಹಾಕಿಸಿ ಏನು ಬಂತು?

ಉತ್ತರ:
ಕಂಪನಿ ಎರಡು, ಗುಂಡಿ ಒಂದೇ! ಬಿಲ್ ಬೇರೆ ಬಂದ ಮಾತ್ರಕ್ಕೆ ದಾರಿ ಬೇರೆ ಅಂತ ಅಲ್ಲ. ಊರೊಳಗೆ ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದಿರುತ್ತವೆ. ಘಟ್ಟದ ಕಡೆ ಎರಡೂ ಅದೇ ರಸ್ತೆಯ ಬದಿಯಲ್ಲಿ ಹೂತಿರುತ್ತವೆ. ಸಣ್ಣ ಊರಿನ ಕೇಬಲ್ ಆಪರೇಟರ್ ಒಬ್ಬರೇ ಎರಡು ಹೆಸರಿನಲ್ಲಿ ಕೊಡುವುದೂ ಉಂಟು. ಮೇಲೆ ಎಂಥ ಬಾಕ್ಸ್ ಇಟ್ಟರೂ ಇದಕ್ಕೆ ಮದ್ದಿಲ್ಲ.

ಅದಕ್ಕೇ ನಾನು ಮೊದಲು ಲೈನ್ ನೋಡಿ, ಬಾಕ್ಸ್ ಆಮೇಲೆ ಅನ್ನೋದು. ಆಪರೇಟರ್ ಹುಡುಗನ ಜೊತೆ ಹೊರಗೆ ನಿಂತು ಕೇಬಲ್ ಎಲ್ಲಿಂದ ಬಂತು ನೋಡಿ. ಎರಡೂ ಲೈನ್‌ನಿಂದ ಟ್ರೇಸ್‌ರೌಟ್ (ಡೇಟಾ ಯಾವ ಯಾವ ಕಡೆ ಹಾದು ಹೋಗುತ್ತದೆ ಅನ್ನೋ ಪಟ್ಟಿ) ತೆಗೆದು ಪಕ್ಕಪಕ್ಕ ಇಡಿ. ಒಂದು ಫೈಬರ್, ಒಂದು 4ಜಿ ಅಥವಾ 5ಜಿ ಇಟ್ಟರೆ ಸಾಮಾನ್ಯವಾಗಿ ವಾಸಿ. ಆ ಟವರ್‌ಗೂ ಅದೇ ಫೈಬರ್ ಹೋಗಿದ್ದರೆ ಅದೂ ಹೋಗುತ್ತದೆ ಅನ್ನಿ. ಎರಡು ಕಂಪನಿಯ ಸಿಮ್ ಹಾಕಿ ಒಂದು ವಾರ ನೋಡಿ ಆರಿಸಿಕೊಳ್ಳಿ. ಫೋನ್‌ನಲ್ಲಿ ಕಡ್ಡಿ ಎಷ್ಟಿದೆ ಅನ್ನೋದನ್ನ ನಂಬಬೇಡಿ.

ಮೊದಲ ಪ್ರಶ್ನೆಯವರು:
ಬಾಕ್ಸ್ ಕೊರಿಯರ್‌ನಲ್ಲಿ ಕಳಿಸಿದರೆ ಸಾಕು, ಬ್ರಾಂಚ್‌ನವರೇ ಚುಚ್ಚಿಕೊಳ್ತಾರೆ, ಇಂಜಿನಿಯರ್ ಬೇಡ ಅಂತಾರೆ ವೆಂಡರ್. ಹೌದಾ? ಇಂಟರ್ನೆಟ್ ನೇರ ಬಿಟ್ಟರೆ ವೈರಸ್ ಭಯ ಇಲ್ವಾ?

ಉತ್ತರ:
ಮೊದಲನೆಯದು ಬಹುಮಟ್ಟಿಗೆ ಹೌದು. ಬಾಕ್ಸ್ ಇಂಟರ್ನೆಟ್ ಕಂಡ ಕೂಡಲೇ ತನ್ನ ಸೀರಿಯಲ್ ನಂಬರ್ ಹೇಳಿ ಕಂಟ್ರೋಲರ್‌ನಿಂದ (ಎಲ್ಲ ಬಾಕ್ಸ್‌ಗಳನ್ನು ನಿಯಂತ್ರಿಸುವ ಸರ್ವರ್‌ನಿಂದ) ಸೆಟ್ಟಿಂಗ್ ಎಳೆದುಕೊಳ್ಳುತ್ತದೆ. ಇಬ್ಬರೇ ಐಟಿ ಜನ ಇರುವ ನಿಮಗೆ ಇದು ಬಹಳ ಅನುಕೂಲ. ಸವದತ್ತಿಗೆ ಒಂದು ಬದಲಾವಣೆಗೆ ಬಸ್ ಹತ್ತಬೇಕಿಲ್ಲ. ಆದರೆ ನಮ್ಮ ಕಡೆ ಎಷ್ಟೋ ಬ್ರಾಡ್‌ಬ್ಯಾಂಡ್‌ಗೆ ಪಿಪಿಪಿಒಇ (ಲೈನ್‌ಗೆ ಲಾಗಿನ್ ಆಗುವ ಪದ್ಧತಿ) ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ಅದು ಇಲ್ಲದೆ ಬಾಕ್ಸ್‌ಗೆ ಇಂಟರ್ನೆಟ್ಟೇ ಕಾಣುವುದಿಲ್ಲ. ಅಂಥ ಕಡೆ ಸಿಮ್ ಹಾಕಿಯೇ ಪಾರ್ಸೆಲ್ ಕಳಿಸಿ. 4ಜಿಯಲ್ಲಿ ಎದ್ದು ನಿಲ್ಲುತ್ತದೆ, ಉಳಿದದ್ದನ್ನು ನೀವು ಹುಬ್ಬಳ್ಳಿಯಿಂದ ತುಂಬಬಹುದು. ಸಿಮ್‌ಗೆ ಸಾಮಾನ್ಯವಾಗಿ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪಬಹುದಾದ ಇಂಟರ್ನೆಟ್ ವಿಳಾಸ) ಸಿಗುವುದಿಲ್ಲ. ಬ್ರಾಂಚ್ ಬಾಕ್ಸ್ ತಾನೇ ಹುಬ್ಬಳ್ಳಿಗೆ ಸಂಪರ್ಕ ಶುರು ಮಾಡುವುದರಿಂದ ಅದು ಅಡ್ಡಿಯಲ್ಲ. ಹುಬ್ಬಳ್ಳಿಗೆ ಮಾತ್ರ ಸ್ಟ್ಯಾಟಿಕ್ (ಬದಲಾಗದ) ಪಬ್ಲಿಕ್ ಐಪಿ ಇರಲೇಬೇಕು.

ಎರಡನೆಯ ಭಯ ಸರಿಯಾಗಿದೆ. ಇವತ್ತು ಕಾವಲು ಹುಬ್ಬಳ್ಳಿಯ ಒಂದೇ ಫೈರ್‌ವಾಲ್‌ನಲ್ಲಿದೆ. ನಾಳೆ 14 ಬಾಗಿಲು ತೆರೆಯುತ್ತವೆ. ಬಾಕ್ಸ್‌ನಲ್ಲೇ ಫೈರ್‌ವಾಲ್, ವೆಬ್ ಫಿಲ್ಟರ್ ಇದೆಯಾ, ಅದರ ಲೈಸೆನ್ಸ್ ಕೊಟೇಶನ್‌ನಲ್ಲಿ ಸೇರಿದೆಯಾ ನೋಡಿ. ಕಡಿಮೆ ದರದ ಕೊಟೇಶನ್‌ನಲ್ಲಿ ಮೊದಲು ಬಿಟ್ಟುಹೋಗುವುದೇ ಇದು. ಲಾಗ್ (ನೆಟ್‌ವರ್ಕ್‌ನಲ್ಲಿ ನಡೆದದ್ದರ ದಾಖಲೆ) ಕೂಡ ನೆನಪಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ 180 ದಿನದ ಲಾಗ್ ಇಡಬೇಕು, ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಎಷ್ಟೋ ಕ್ಲೌಡ್ ಪ್ಲಾನ್‌ಗಳಲ್ಲಿ ಅಷ್ಟು ದಿನದ ಲಾಗ್ ಇರುವುದಿಲ್ಲ, ಬೇರೆ ಕಡೆ ಉಳಿಸಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು:
ನಮ್ಮದು ದಾವಣಗೆರೆಯಲ್ಲಿ ಮೂರೇ ಅಂಗಡಿ. ಸಾಫ್ಟ್‌ವೇರ್ ಎಲ್ಲ ಕ್ಲೌಡ್‌ನಲ್ಲಿದೆ. ನಾವೂ ಹಾಕಿಸಬೇಕಾ ಅಕ್ಕಾ?

ಉತ್ತರ:
ಬೇಡಪ್ಪಾ. ಎರಡು ಲೈನ್ ಹಿಡಿಯುವ ಒಂದು ಒಳ್ಳೆ ರೌಟರ್ ಸಾಕು. ಉಳಿದ ದುಡ್ಡಲ್ಲಿ ಯುಪಿಎಸ್ ಬ್ಯಾಟರಿ ಬದಲಾಯಿಸಿ.

ಮೊದಲ ಪ್ರಶ್ನೆಯವರು:
ತುಂಬಾ ಧನ್ಯವಾದ ಮೇಡಂ. ಹಾಗಾದ್ರೆ ವೆಂಡರ್‌ಗೆ ಏನು ಕೇಳಲಿ?

ಉತ್ತರ:
ಎರಡು ಪ್ರಶ್ನೆಗೆ ಬರಹದಲ್ಲೇ ಉತ್ತರ ತಗೊಳ್ಳಿ. ಲೈಸೆನ್ಸ್ ಮುಗಿದ ದಿನ ಏನಾಗುತ್ತೆ? ಕೆಲವದರಲ್ಲಿ ಟ್ರಾಫಿಕ್ ಓಡುತ್ತೆ, ಆದರೆ ಏನೂ ಬದಲಾಯಿಸಲು ಬಿಡುವುದಿಲ್ಲ. ಕಂಟ್ರೋಲರ್ ಸಿಗದೇ ಹೋದರೆ ಬ್ರಾಂಚ್ ಎಷ್ಟು ಹೊತ್ತು ನಡೆಯುತ್ತೆ? ಸಿಸ್ಕೋದಲ್ಲಿ ಮೂಲ ಸೆಟ್ಟಿಂಗ್ 12 ಗಂಟೆ, ಬೇರೆಯವರದ್ದು ಬೇರೆ. ಬ್ರಾಂಡ್ ಯಾರ ಕೈಯಲ್ಲಿದೆ ಅಂತಲೂ ನೋಡಿ. ವೆಲೋಕ್ಲೌಡ್ ಅನ್ನೋ ಎಸ್‌ಡಿ-ವ್ಯಾನ್ ಬ್ರಾಂಡ್ ಅನ್ನು 2017ರಲ್ಲಿ ವಿಎಂವೇರ್ ಕೊಂಡಿತು, 2023ರಲ್ಲಿ ವಿಎಂವೇರ್ ಬ್ರಾಡ್‌ಕಾಮ್ ಪಾಲಾಯಿತು, 2025ರಲ್ಲಿ ವೆಲೋಕ್ಲೌಡ್ ಅರಿಸ್ಟಾಗೆ ಹೋಯಿತು. ಸರಕು ಕೆಟ್ಟದ್ದು ಅಂತಲ್ಲ, ಆದರೆ ಒಡೆಯ ಬದಲಾದಾಗ ನವೀಕರಣದ ದರವೂ ಬದಲಾಗಬಹುದು. ಮೂರು ವರ್ಷದ ದರ ಈಗಲೇ ಬರೆಸಿಕೊಳ್ಳಿ.

ಎಂಪಿಎಲ್‌ಎಸ್ ಅನ್ನು ಒಂದೇ ಸಲ ಕಿತ್ತು ಹಾಕಬೇಡಿ. ಶಿರಸಿ, ಕುಮಟಾ ಎರಡರಲ್ಲಿ ಬ್ರಾಡ್‌ಬ್ಯಾಂಡ್ ಜೊತೆಗೆ ಅದೂ ಇರಲಿ, ಒಂದು ಮಳೆಗಾಲ ಕಳೆಯಲಿ. ಗದಗ, ರಾಣೆಬೆನ್ನೂರಿನಲ್ಲಿ ಕರಾರು ಯಾವಾಗ ಮುಗಿಯುತ್ತೆ ನೋಡಿಕೊಂಡು ಅಲ್ಲಿಂದ ಶುರು ಮಾಡಿ. ಅವಧಿಗೆ ಮುಂಚೆ ಬಿಟ್ಟರೆ ದಂಡ ಕಟ್ಟಬೇಕಾದೀತು, ಆ ಕಾಗದ ಮೊದಲು ಹುಡುಕಿ.