ಅಪ್‌ಡೇಟ್: ಕೆರಿಯರ್ ಕೋಚ್ ಹತ್ತಿರ ಹೋದೆ

ಅಕೌಂಟ್ಸ್ ಬಿಟ್ಟು ಡೇಟಾ ಅನಾಲಿಸಿಸ್ ಕಡೆ ಹೋಗಬೇಕು, ಕೋಚ್‌ಗೆ ಕೊಡುವ ದುಡ್ಡು ದಂಡವಾ ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಒಬ್ಬರ ಹತ್ತಿರ ಹೋದೆ.

ಯಾರು ಬೇಕಾದರೂ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ನ ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) ಅನ್ನುವ ಸರ್ಟಿಫಿಕೇಟ್ ಇದ್ದವರನ್ನೇ ಹುಡುಕಿದೆ. ಅದಕ್ಕೆ ಕನಿಷ್ಠ 500 ಗಂಟೆ ಕೋಚಿಂಗ್ ಮಾಡಿರಬೇಕು. ಆದರೆ ನಮ್ಮ ಕ್ಷೇತ್ರ ಅವರಿಗೆ ಗೊತ್ತಾ ಅನ್ನುವುದನ್ನು ಬೇರೆಯಾಗಿ ಕೇಳಲೇಬೇಕು.

ಕೆಲಸ ಕೊಡಿಸುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರು. ಜಾಸ್ತಿ ಉಪಯೋಗ ಆಗಿದ್ದು ರೆಸ್ಯೂಮೆಯಲ್ಲಿ. 'ತಿಂಗಳ ಲೆಕ್ಕ ಮುಗಿಸುವುದು' ಅಂತ ಬರೆದಿದ್ದೆ. "ಅದರಲ್ಲಿ ನಿಜವಾಗಿ ಏನು ಮಾಡ್ತೀರಿ?" ಅಂತ ಕೆದಕಿ ಕೆದಕಿ ಕೇಳಿದರು. ಎರಡು ಕಡೆಯ ದಾಖಲೆ ತಾಳೆ ನೋಡುವುದು, ವ್ಯತ್ಯಾಸ ಎಲ್ಲಿ ನುಸುಳಿತು ಅಂತ ಹುಡುಕುವುದು, ಅದನ್ನು ಲೆಕ್ಕ ತಿಳಿಯದ ಮ್ಯಾನೇಜರ್‌ಗೆ ವಿವರಿಸುವುದು. ಅನಾಲಿಸ್ಟ್ ಮಾಡುವುದೂ ಬಹುಪಾಲು ಇದೇ ಅಲ್ವಾ! ರೆಸ್ಯೂಮೆಯಲ್ಲಿ ಈಗ ಅದೇ ಮೇಲಿದೆ.

ಇನ್ನೊಂದು, ಆ ಕೆಲಸದಲ್ಲಿ ಇರುವವರ ಜೊತೆ ಮಾತಾಡಿಸಿದ್ದು. ಕೆಲಸ ಕೇಳಬೇಡಿ, ಅವರ ದಿನ ಹೇಗಿರುತ್ತೆ ಅಂತ ಕೇಳಿ ಅಂದರು. ಗುರುತಿಲ್ಲದವರಿಗೆ ಮೆಸೇಜ್ ಮಾಡೋದು ನನಗೆ ಮಹಾ ಮುಜುಗರ. ಆದರೂ ಚಾರ್ಟ್‌ಗಿಂತ ಗಲೀಜು ಡೇಟಾ ಸರಿ ಮಾಡುವುದೇ ಜಾಸ್ತಿ ಅಂತ ತಿಳಿದಿದ್ದು ಹಾಗೆಯೇ. ನನಗೆ ಅದು ಇಷ್ಟ, ಪುಣ್ಯಕ್ಕೆ.

ವ್ಯಕ್ತಿತ್ವ ಪರೀಕ್ಷೆ ಒಂದನ್ನು ಮಾಡಿಸಿದರು, ಅದು ಸುಮ್ನೆ.

ಹೊಸ ಕೆಲಸ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಈಗಿನ ಕಂಪನಿಯಲ್ಲೇ ರಿಪೋರ್ಟಿಂಗ್ ತಂಡಕ್ಕೆ ವಾರದಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡಲು ನನಗೆ ಒಪ್ಪಿಗೆ ಕೊಟ್ಟಿದ್ದಾರೆ. ಹಾಗೆ ಕೇಳಿ ನೋಡಿ ಅಂದಿದ್ದೂ ಕೋಚೇ. ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕಲಿಕೆ ನಡೀತಿದೆ.