ಪ್ಯೂರ್ ಡೇಟಾ ಸುರು ಮಾಡೋದು ಹೆಂಗ? ತಂಬೂರಿ ನಾದ, ಕೇರವಾ ಠೇಕಾ ಕಟ್ಟಬೇಕಾಗ್ಯದ

ಏಕತಾರಿ_ಕಲಬುರಗಿ:

ನಮಸ್ಕಾರ್ರಿ ಎಲ್ಲರಿಗೂ. ತತ್ವಪದ, ಭಜನಿ ಪದ ಹಾಡುವಾಗ ಹಿಂದ ತಂಬೂರಿ ನಾದ, ಅದರ ಜೋಡಿ ಎಂಟು ಮಾತ್ರೆಯ ಕೇರವಾ ಠೇಕಾ, ಇವೆರಡನ್ನೂ ಲ್ಯಾಪ್‌ಟಾಪಿನಾಗ ಬುಡದಿಂದ ಕಟ್ಟಬೇಕಂತ ಅದ. ಮೊಬೈಲ್ ಆ್ಯಪಿನಾಗ ಶ್ರುತಿ, ತಾಳ ಸಿಗ್ತಾವ, ಖರೇ. ಆದ್ರ ಆವಾಜದ ಒಳಗ ಕೈ ಹಾಕಲಾಕ ಬರಲ್ಲ.

ಲ್ಯಾಪ್‌ಟಾಪ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಬ್ಯಾರೆ ಸೌಂಡ್ ಕಾರ್ಡ್ ಇಲ್ಲ. ಕೇಳೋದು ಇಷ್ಟು:

ಪ್ಯೂರ್ ಡೇಟಾ, ಮ್ಯಾಕ್ಸ್, ವಿಸಿವಿ ರ‍್ಯಾಕ್, ಬಾಕ್ಸಿಗೆ ಬಾಕ್ಸ್ ವೈರಿಂದ ಜೋಡಿಸಿ ಆವಾಜ ಕಟ್ಟೋ ಈ ಸಾಫ್ಟ್‌ವೇರುಗಳಾಗ ಯಾವುದ್ರಿಂದ ಸುರು ಮಾಡಬೇಕು? ಯೂಟ್ಯೂಬ್ ಪಾಠದಾಗ ತೋರಿಸಿದಂಗ ‘ಕೌಂಟರ್’ ಬಾಕ್ಸ್ ಹಾಕಿದ್ರ ಅದು ಚುಕ್ಕಿ ಗೆರಿಯಾಗೇ ಉಳೀತದ, ವೈರ್ ಹತ್ತಲ್ಲ. ಆವಾಜ ಬಂದಾಗ ನಡುನಡು ಚಟ್‌ಚಟ್ ಅಂತದ. ಇನ್ನ ಕಡೀಕ, ಇದನ್ನ ಗುಡಿ ಮೈಕ್ ಸೆಟ್ಟಿಗೆ ಹಚ್ಚೋದು ಹೆಂಗ?

ಬೀದರ_ತರಂಗ:

ನಿಮ್ಮ ಕೆಲಸಕ್ಕ ಪ್ಯೂರ್ ಡೇಟಾ (ಪಿಡಿ) ವೆನಿಲಾನೇ, ಅಂದ್ರ ಹೆಚ್ಚಿನ ಬಾಕ್ಸ್ ಇಲ್ಲದ ಮೂಲ ಪಿಡಿನೇ ಸರಿರಿ. ಮ್ಯಾಕ್ಸ್ ಮತ್ತ ಪಿಡಿ ಎರಡೂ ಮಿಲ್ಲರ್ ಪಕೆಟ್ ಅವರ ಕೈಯಿಂದ ಬಂದವು: ಮ್ಯಾಕ್ಸ್ 1980ರ ದಶಕದಾಗ ಪ್ಯಾರಿಸಿನ ಇರ್ಕಾಮ್ ಸಂಸ್ಥೆಯೊಳಗ, ಪಿಡಿ 1990ರ ದಶಕದಾಗ. ಮ್ಯಾಕ್ಸಿಗೆ ರೊಕ್ಕ ಕೊಡಬೇಕು, ಪಿಡಿ ಪುಕ್ಕಟ. ಒಂದರಾಗ ಕಲ್ತದ್ದು ಬಹಳಷ್ಟು ಇನ್ನೊಂದರಾಗ ನಡೀತದ. ವಿಸಿವಿ ರ‍್ಯಾಕ್ ಛಲೋ ಅದ, ಆದ್ರ ಅದರ ಚಿತ್ರ ತೆರಿಮ್ಯಾಲ ಮೂಡಿಸಲಾಕೇ ಗ್ರಾಫಿಕ್ಸ್ ತಾಕತ್ತು ಬೇಕು. ನಿಮ್ಮ ಯಂತ್ರಕ್ಕ ಅದು ಭಾರ ಆಗ್ತದ.

ಕೌಂಟರ್ ವಿಷಯ. ನೀವು ನೋಡಿದ ಪಾಠ ಪಿಡಿ-ಎಕ್ಸ್‌ಟೆಂಡೆಡ್ ಕಾಲದ್ದು. ಅದರಾಗ ನೂರಾರು ಹೆಚ್ಚಿನ ಬಾಕ್ಸ್ ಕೂಡೇ ಬರ್ತಿದ್ದವು. 2013ರ ನಂತರ ಅದು ನಿಂತದ. ವೆನಿಲಾಕ್ಕ ‘ಕೌಂಟರ್’ ಗೊತ್ತಿಲ್ಲ, ಅದಕ್ಕೇ ಚುಕ್ಕಿ ಗೆರಿ. ಹೆಸರು ತಪ್ಪು ಹೊಡೆದ್ರೂ ಇದೇ ಗತಿ, ಪಿಡಿಯ ಮುಖ್ಯ ಕಿಟಕಿಯಾಗ ಬಾಕ್ಸ್ ಮಾಡಲಾಕ ಆಗಲಿಲ್ಲ ಅಂತ ಸಾಲು ಬಂದಿರ್ತದ. ಆ ಕಿಟಕಿ ಯಾವಾಗಲೂ ಕಣ್ಣಿಗೆ ಕಾಣುವಂಗ ಇಟ್ಕೋರಿ. ಹತ್ರಾಗ ಎಂಟು ತಕರಾರಿಗೆ ಉತ್ತರ ಅಲ್ಲೇ ಇರ್ತದ.

ಇಲ್ಲಿ ಬಾಕ್ಸಿನ ಹೆಸರು ಕನ್ನಡದಾಗ ಬರೀತೀನಿ, ನೀವು ಇಂಗ್ಲಿಷ್ ಸಣ್ಣ ಅಕ್ಷರದಾಗ ಹೊಡೀರಿ. ಹೆಸರಿನ ಕಡೀಕ ~ ಇದ್ರ ಅದು ಆವಾಜದ ಬಾಕ್ಸ್. ಕೀಬೋರ್ಡಿನಾಗ 1ರ ಎಡಕ್ಕಿರೋ ಗುಂಡಿ, ಶಿಫ್ಟ್ ಹಿಡಿದು ಒತ್ರಿ. ~ ಬಿಟ್ರ ಆ ಹೆಸರಿನ ಬಾಕ್ಸ್ ಒಂದೋ ಹುಟ್ಟಲ್ಲ, ಇಲ್ಲಾ ಬ್ಯಾರೆ ಕೆಲಸದ ಬಾಕ್ಸ್ ಹುಟ್ತದ.

ಮೊದಲು ಮೀಡಿಯಾ ಮೆನುವಿನಾಗ ಆಡಿಯೋ ಮತ್ತು ಮಿಡಿ ಪರೀಕ್ಷೆಯ ಪ್ಯಾಚ್ (ಬಾಕ್ಸ್, ವೈರ್ ಜೋಡಿಸಿದ ಹಾಳೆ) ತೆರೆದು 60 ಅಥವಾ 80 ಒತ್ರಿ, ಸ್ವರ ಕೇಳಬೇಕು. ಕೇಳದಿದ್ರ ಅದು ಆಡಿಯೋ ಸೆಟ್ಟಿಂಗಿನ ತಪ್ಪು, ನಿಮ್ಮ ಪ್ಯಾಚಿಂದಲ್ಲ. ಕೇಳಿಸ್ತಂದ್ರ ಕಂಟ್ರೋಲ್+ಎನ್, ಹೊಸ ಹಾಳೆ. ಕಂಟ್ರೋಲ್+1 ಒತ್ತಿ [ಓಎಸ್‌ಸಿ~ 138.59], ಅದರ ಕೆಳಗ [*~ 0.1], ಅದರ ಕೆಳಗ [ಡಿಎಸಿ~]. ಮ್ಯಾಲಿನ ಬಾಕ್ಸಿನ ಕೆಳಬಾಯಿಂದ ಕೆಳಗಿನ ಬಾಕ್ಸಿನ ಮ್ಯಾಲ್ಬಾಯಿಗೆ ಮೌಸಿಂದ ಎಳೀರಿ. ಡಿಎಸಿ~ಗೆ ಎರಡು ಬಾಯಿ, ಎಡ ಬಲ, ಎರಡಕ್ಕೂ ಹಚ್ರಿ. ಕಂಟ್ರೋಲ್ ಜೊತಿ / ಒತ್ತಿದ್ರ ಆವಾಜ ಚಾಲೂ, ಕಂಟ್ರೋಲ್ ಜೊತಿ ಚುಕ್ಕಿ ಒತ್ತಿದ್ರ ಬಂದ್. ಈ ಚುಕ್ಕಿ ಗುಂಡಿ ಮ್ಯಾಲ ಬೆರಳು ಮೊದಲೇ ಇಟ್ಕೊಂಡು ಕೆಲಸ ಮಾಡ್ರಿ. ಕಂಟ್ರೋಲ್+ಈ ಒತ್ತಿದ್ರ ತಿದ್ದೋದು ಮತ್ತ ನುಡಿಸೋದರ ನಡುವ ಬದಲಾಗ್ತದ.

138.59 ಅಂದ್ರ ಕಪ್ಪು ಒಂದರ ಷಡ್ಜ. [*~ 0.1]ನಂಥದ್ದು ನಡುವ ಇಲ್ಲದೇ ಡಿಎಸಿ~ಗೆ ಏನೂ ಹಚ್ಚಬ್ಯಾಡ್ರಿ. ಪಿಡಿಯಾಗ ಆವಾಜದ ಮಿತಿ -1ರಿಂದ 1, ಮೂರ್ನಾಲ್ಕು ತಂತಿ ಕೂಡಿದ್ರ ಸಲೀಸಾಗಿ ದಾಟ್ತದ, ದಾಟಿದ್ದು ಕತ್ತರಿಸಿ ಹೋಗ್ತದ. ಹೆಡ್‌ಫೋನ್ ಹಾಕಿದ್ರಂತೂ ಕಿವಿಗೇ ಧೋಕಾ.

ಇನ್ನ ಚಟ್‌ಚಟ್. ಅದಕ್ಕ ಮೂರು ಬ್ಯಾರೆ ಬ್ಯಾರೆ ಕಾರಣ ಅವ, ಇಲಾಜೂ ಬ್ಯಾರೆ. ಏನೂ ಮುಟ್ಟದಿದ್ರೂ ಅಡ್ಡಾದಿಡ್ಡಿ ಚಟ್ ಅಂದ್ರ ಬಫರ್ (ಮುಂಚೇನೇ ತಯಾರಿಟ್ಟ ಆವಾಜದ ದಾಸ್ತಾನು) ಸಾಲ್ತಿಲ್ಲ. ಆಡಿಯೋ ಸೆಟ್ಟಿಂಗಿನಾಗ ಡಿಲೇ ಅನ್ನೋ ಅಂಕಿ ನೋಡ್ರಿ. ವಿಂಡೋಸಿನ ಮಾಮೂಲಿ ಡ್ರೈವರಿಗೆ 80ರಿಂದ 100 ಮಿಲಿಸೆಕೆಂಡ್ ಕೊಡ್ರಿ. ಆಸಿಯೋ4ಆಲ್ ಅನ್ನೋ ಬ್ಯಾರೆ ಡ್ರೈವರ್ ಹಾಕ್ಕೊಂಡ್ರ 20ಕ್ಕೂ ಇಳೀಬಹುದು. ತಾನೇ ನಡಿಯೋ ತಂಬೂರಿಗೆ 100 ಇದ್ರೂ ಏನೂ ತೊಂದ್ರಿ ಇಲ್ಲ, ಕೈಲೆ ನುಡಿಸುವಾಗಷ್ಟೇ ತಡ ಗೊತ್ತಾಗ್ತದ. ಎರಡನೇದು, ಸ್ಲೈಡರ್ ಎಳೆದಾಗ ಮಾತ್ರ ಚಟ್ ಅಂದ್ರ ಅಂಕಿ ಒಮ್ಮಿಗೇ ಜಿಗಿಯಾಕತ್ತದ. ಸ್ಲೈಡರಿನ ಅಂಕಿಯನ್ನ ‘$1 20’ ಅನ್ನೋ ಮೆಸೇಜ್ ಬಾಕ್ಸಿಗೆ ಹಚ್ರಿ (ಕಂಟ್ರೋಲ್+2), ಅಲ್ಲಿಂದ [ಲೈನ್~]ಗೆ, ಅಲ್ಲಿಂದ [*~]ನ ಬಲಬಾಯಿಗೆ. ಆ [*~]ಗೆ ಒಳಗ ಅಂಕಿ ಬರೀಬ್ಯಾಡ್ರಿ. 20 ಮಿಲಿಸೆಕೆಂಡಿನಾಗ ನುಣ್ಣಗ ಏರ್ತದ. ಮೂರನೇದು, ಜೋರಾದಾಗಷ್ಟೇ ಒಡೀತದ ಅಂದ್ರ 1ರ ಮಿತಿ ದಾಟ್ಯದ, ಗುಣಿಸೋ ಅಂಕಿ ಇಳಸ್ರಿ.

ನಮ್ಮ ಕಡೆ ಒಂದು ಮಾತು ಹೆಚ್ಚಿಗಿ ಹೇಳಬೇಕು. ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸೋ ಮೋಡಿಗೆ ಹೋಗಿ ಪ್ರೊಸೆಸರ್ ವೇಗ ಇಳಸ್ತದ, ಅಲ್ಲಿತನ ಸರಿ ಇದ್ದ ಪ್ಯಾಚ್ ಚಟಗುಟ್ತದ. ಪವರ್ ಸೆಟ್ಟಿಂಗಿನಾಗ ಬ್ಯಾಟರಿ ಮ್ಯಾಲೂ ಪೂರ್ತಿ ವೇಗ ಅಂತ ಮಾಡಿಡ್ರಿ. ಏಪ್ರಿಲ್-ಮೇ ಬಿಸಲಾಗ ಯಂತ್ರ ಕಾದ್ರೂ ಇದೇ ಆಗ್ತದ, ಹಾಸಿಗಿ ಮ್ಯಾಲ ಇಟ್ಟು ಗಾಳಿ ಕಿಂಡಿ ಮುಚ್ಚಬ್ಯಾಡ್ರಿ.

ಸುರಪುರ_ನಾದ:

ತಂಬೂರಿ ತಂತಿ ನಾ ಹೇಳ್ತೀನಿ. ಬರೀ ಓಎಸ್‌ಸಿ~ ಕೂಡಿಸಿ ತಂಬೂರಿ ಆಗಲ್ರಿ, ಹಾರ್ಮೋನಿಯಂ ರೀಡಿನಂಗೂ ಬರಲ್ಲ. ಮೀಟಿದ ತಂತಿಗೆ ಕಾರ್ಪ್ಲಸ್-ಸ್ಟ್ರಾಂಗ್ ವಿಧಾನ ಬೇಕು: ಒಂದು ಚಣ ಗದ್ದಲ ಹುಟ್ಟಿಸಿ, ಅದನ್ನ ಸ್ವರದ ಒಂದು ಆವರ್ತದಷ್ಟು ತಡೆದು, ತುಸು ಮೆತ್ತಗ ಮಾಡಿ, ತಿರುಗಿ ಅದೇ ತಡೆಯೊಳಗ ಬಿಡೋದು.

[ನಾಯ್ಸ್~] ಅನ್ನ [*~]ನ ಎಡಕ್ಕ, [ವಿಲೈನ್~] (vline~) ಅನ್ನ ಅದೇ [*~]ನ ಬಲಕ್ಕ ಹಚ್ರಿ. ವಿಲೈನ್~ಗೆ ‘1, 0 0 7’ ಅನ್ನೋ ಮೆಸೇಜ್. ಒಮ್ಮೆ ಒತ್ತಿದ್ರ 7 ಮಿಲಿಸೆಕೆಂಡ್ ಗದ್ದಲ ಹೊಂಡ್ತದ. ಅದು [ಡೆಲ್‌ರೈಟ್~ ತಂತಿ1 100]ಕ್ಕ ಹೋಗಲಿ (delwrite~; ತಂತಿ1 ಅನ್ನೂ ಇಂಗ್ಲಿಷಿನಾಗ ಹೊಡೀರಿ). ಬಾಜೂಕ [ಡೆಲ್‌ರೀಡ್4~ ತಂತಿ1], ಅದರ ಬಾಯಿಗೆ ತಡೆಯ ಮಿಲಿಸೆಕೆಂಡ್ ಅಂಕಿ. ಅಲ್ಲಿಂದ [ಲಾಪ್~ 4000] (lop~, ಮ್ಯಾಲಿನ ಹರಿತ ಕಡಿಮಿ ಮಾಡೋ ಫಿಲ್ಟರ್), ಅಲ್ಲಿಂದ [*~ 0.996], ಅಲ್ಲಿಂದ ತಿರುಗಿ ಅದೇ ಡೆಲ್‌ರೈಟ್~ಗೆ. ಕೇಳಲಾಕ ಲಾಪ್~ನಿಂದ ಇನ್ನೊಂದು ವೈರ್ [ಹಿಪ್~ 5], [*~ 0.2], ಡಿಎಸಿ~ ಅಂತ.

ತಡೆಯ ಅಂಕಿ 1000 ಭಾಗಿಸು ಆವರ್ತನ. ಷಡ್ಜ 138.59ಕ್ಕ 7.216, ಮಂದ್ರ ಪಂಚಮ 103.94ಕ್ಕ 9.621, ಖರಜ 69.3ಕ್ಕ 14.43. ಪಂಚಮವನ್ನ [ಎಂಟಿಒಎಫ್] ಇಂದ ತಗೀಬ್ಯಾಡ್ರಿ. ಅದು ಕೀಬೋರ್ಡಿನ ಸಮಪಾಲು ಶ್ರುತಿ ಕೊಡ್ತದ. ಷಡ್ಜವನ್ನಷ್ಟೇ ಅದರಿಂದ ತಗೊಂಡು (ಮಿಡಿ ಸ್ವರಸಂಖ್ಯೆ 49 ಕೊಟ್ರ 138.59), ಮಂದ್ರ ಪಂಚಮಕ್ಕ 0.75, ಖರಜಕ್ಕ 0.5 ಅಂತ ಗುಣಿಸ್ರಿ. ಪಂಚಮದಾಗ ಫರಕು 2 ಸೆಂಟ್ (ಅರ್ಧಸ್ವರದ ನೂರರಾಗ ಒಂದು ಪಾಲು ಒಂದು ಸೆಂಟ್) ಅಷ್ಟೇ, ಆದ್ರ ಮುಂದ ಗಾಂಧಾರ ಸೇರಿಸಿದ್ರ (1.25) ಫರಕು 14 ಸೆಂಟ್. ಹಾಡೋರ ಕಿವಿಗೆ ಅದು ತಕ್ಷಣ ಸಿಗ್ತದ.

0.996 ಇದ್ರ ಷಡ್ಜದ ತಂತಿ ಹನ್ನೆರಡು ಸೆಕೆಂಡಿನ ಸುಮಾರು ಉಳೀತದ, ಮ್ಯಾಲಿನ ಹರಿತ ಲಾಪ್~ನಿಂದ ಮೊದಲೇ ಕರಗ್ತದ. ಈ ಅಂಕಿ 1 ದಾಟಿಸಿದ್ರ ಆವಾಜ ಬೆಳ್ಕೊಂತ ಹೋಗಿ ಸ್ಪೀಕರ್ ಚೀರ್ತದ. ನಡುವಿನ ಜೋಡಿ ತಂತಿಗಳನ್ನ ಒಂದೇ ಅಂಕಿಗೆ ಕೂಡಿಸಬ್ಯಾಡ್ರಿ, ಒಂದು 138.59, ಇನ್ನೊಂದು 138.9. ಮೂರು ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳೀತದ, ತಂಬೂರಿಗೆ ಜೀವ ಬರೋದು ಅಲ್ಲೇ.

ಠೇಕಾ ಇದಕ್ಕಿಂತ ಹಗುರ. ಧಾ ಗೆ ನಾ ತಿ | ನಾ ಕ ಧಿ ನಾ. 0ರಿಂದ ಎಣಿಸಿದ್ರ ಎಡದ ಗುಮ್ಮು 0, 1, 6ರ ಮ್ಯಾಲ. ಬಲದ ಪೆಟ್ಟು 0, 2, 3, 4, 6, 7. 5ರ ಮ್ಯಾಲ ಮುಚ್ಚಿದ ‘ಕ’. ಗುಮ್ಮಿಗೆ ಓಎಸ್‌ಸಿ~, ಅದರ ಸ್ವರ ಇಳಿಸಲಾಕ ಒಂದು ವಿಲೈನ್~ಗೆ ‘160, 75 60’, ಜೋರು ಇಳಿಸಲಾಕ ಇನ್ನೊಂದಕ್ಕ ‘1 2, 0 180 2’. ಬಲದ ಪೆಟ್ಟಿಗೆ 277.18ರ ಓಎಸ್‌ಸಿ~ 120 ಮಿಲಿಸೆಕೆಂಡ್, ಜೊತಿಗೆ ನಾಯ್ಸ್~ ಅನ್ನ [ಬಿಪಿ~ 2500 5] ಮೂಲಕ 15 ಮಿಲಿಸೆಕೆಂಡ್. ‘ಕ’ಕ್ಕ ಬರೀ ಆ ಗದ್ದಲ ಸಾಕು. ಪೆಟ್ಟಿಗೆಲ್ಲಾ ವಿಲೈನ್~ ಬಳಸ್ರಿ, ಲೈನ್~ ಬ್ಯಾಡ. ಲೈನ್~ 64 ಸ್ಯಾಂಪಲಿನ (ಆವಾಜದ ಒಂದೊಂದು ಅಳತಿ ಅಂಕಿ) ಬ್ಲಾಕಿಗೊಮ್ಮೆ ಮಾತ್ರ ಸುರು ಆಗ್ತದ, ಪೆಟ್ಟು ಆಚೀಚಿ ಸರೀತದ.

ಏಕತಾರಿ_ಕಲಬುರಗಿ:

ತಂತಿ ನುಡೀತು, ಬಹಳ ಛಲೋ ಅದ. ಎರಡು ಅಡಚಣಿ. ಎಣಿಕಿಗೆ [ಎಫ್] ಮತ್ತ [+ 1] ಸುತ್ತಿ ಹಚ್ಚಿದ್ರ ‘ಸ್ಟ್ಯಾಕ್ ಓವರ್‌ಫ್ಲೋ’ ಅಂತದ. ಇನ್ನ ಟ್ಯೂನರಿಗೆ ಹಿಡಿದ್ರ ತಂತಿ ತುಸು ಕೆಳಗ ತೋರಿಸ್ತದ.

ಬೀದರ_ತರಂಗ:

ಸ್ಟ್ಯಾಕ್ ಓವರ್‌ಫ್ಲೋ ಅಂದ್ರ ನೀವು [+ 1]ರ ವೈರನ್ನ ಎಫ್‌ನ ಎಡಬಾಯಿಗೆ ತಿರುಗಿಸಿ ಹಚ್ಚೀರಿ. ಪಿಡಿಯಾಗ ಎಡಗಡೀ ಬಾಯಿ ಬಿಸಿ: ಅಂಕಿ ಬಂದ ಕೂಡಲೇ ಬಾಕ್ಸ್ ಕೆಲಸ ಮಾಡಿ ಹೊರಗ ಹಾಕ್ತದ. ಬಲಗಡೀ ಬಾಯಿ ತಣ್ಣಗ: ಬಂದದ್ದನ್ನ ಇಟ್ಕೋತದ, ಸುಮ್ನಿರ್ತದ. ಎಡಕ್ಕ ಹಚ್ಚಿದ್ರ ನಿಲ್ಲದ ಸುತ್ತು ಆಗ್ತದ. ಆದ್ದರಿಂದ ಹಿಂಗ: [ಮೆಟ್ರೊ 300] (300 ಮಿಲಿಸೆಕೆಂಡಿಗೊಮ್ಮೆ ತಟ್ಟೋದು) ಎಫ್‌ನ ಎಡಕ್ಕ, ಎಫ್‌ನಿಂದ [+ 1], ಅಲ್ಲಿಂದ [ಎಂಒಡಿ 8], ಅಲ್ಲಿಂದ ತಿರುಗಿ ಎಫ್‌ನ ಬಲಬಾಯಿಗೆ. ಎಫ್‌ನಿಂದಲೇ ಇನ್ನೊಂದು ವೈರ್ [ಸೆಲೆಕ್ಟ್ 0 1 2 3 4 5 6 7]ಕ್ಕ.

ಇಲ್ಲೊಂದು ಕಾಣದ ತಗ್ಗು ಅದ. ಒಂದು ಬಾಯಿಂದ ಎರಡು ವೈರ್ ಹೊಂಟ್ರ ಯಾವುದು ಮೊದಲು ಅನ್ನೋದು ನೀವು ಹಚ್ಚಿದ ಕ್ರಮದ ಮ್ಯಾಲ ನಿಂತಿರ್ತದ, ತೆರಿಮ್ಯಾಲ ಅದು ಕಾಣಲ್ಲ. ಇವತ್ತು ಸರಿ ನಡೀತದ, ನಾಳೆ ಒಂದು ವೈರ್ ಕಿತ್ತು ತಿರುಗಿ ಹಚ್ಚಿದ್ರ ಕೆಡ್ತದ. ಕ್ರಮ ಮುಖ್ಯ ಇದ್ದಲ್ಲೆಲ್ಲಾ [ಟಿ ಎಫ್ ಎಫ್] (ಟಿ ಅಂದ್ರ ಟ್ರಿಗರ್) ನಡುವ ಹಾಕ್ರಿ. ಅದು ಯಾವಾಗಲೂ ಬಲದಿಂದ ಎಡಕ್ಕ ಕೊಡ್ತದ. ಪಿಡಿಯಾಗ ಮೊದಲು ಗಟ್ಟಿ ಮಾಡ್ಕೋಬೇಕಾದ್ದು ಇದೊಂದೇ, ಬಿಸಿ-ತಣ್ಣಗ ಮತ್ತ ಟ್ರಿಗರ್. ಬಾಕ್ಸಿನ ಹೆಸರು ಬಾಯಿಪಾಠ ಮಾಡಬ್ಯಾಡ್ರಿ, ಯಾವುದೇ ಬಾಕ್ಸಿನ ಮ್ಯಾಲ ಮೌಸಿನ ಬಲಗುಂಡಿ ಒತ್ತಿ ಹೆಲ್ಪ್ ಅಂದ್ರ ನಡೆಯೋ ಉದಾಹರಣಿನೇ ತೆರೀತದ. ಹೆಲ್ಪ್ ಬ್ರೌಸರಿನ ಆಡಿಯೋ ಉದಾಹರಣಿಗಳಾಗ ಜಿ ಅಕ್ಷರದವು ತಡೆಯ ಮ್ಯಾಲ, ಎಚ್ ಅಕ್ಷರದವು ಫಿಲ್ಟರ್ ಮ್ಯಾಲ. ನಿಮಗ ಮುಂದ ಬೇಕಾದವು ಅವೇ.

ಸುರಪುರ_ನಾದ:

ತಂತಿ ಕೆಳಗ ಇಳಿಯೋದು ಲಾಪ್~ನಿಂದ. ಫಿಲ್ಟರೂ ತನ್ನ ಪಾಲಿನ ತಡೆ ಕೂಡಸ್ತದ. ಸೆಕೆಂಡಿಗೆ 44100 ಸ್ಯಾಂಪಲ್ ದರದಾಗ 4000ಕ್ಕ ಇಟ್ರ ಮುಕ್ಕಾಲು ಸ್ಯಾಂಪಲ್, ಅಂದ್ರ 0.017 ಮಿಲಿಸೆಕೆಂಡ್. ಷಡ್ಜಕ್ಕ ಅದು 4 ಸೆಂಟ್ ಇಳುವು. ಎಲ್ಲಾ ತಂತಿಯ ಅಂಕಿಯಿಂದ 0.017 ಕಳೀರಿ: 7.199, 9.604, 14.413. ಲಾಪ್~ ಅಂಕಿ ಇಳಿಸಿದ್ರ ಈ ತಡೆ ಹೆಚ್ಚಾಗ್ತದ, ಆವಾಗ ಟ್ಯೂನರ್ ನೋಡಿ ತಿರುಗಿ ಸರಿ ಮಾಡಬೇಕು. ‘4’ ಇಲ್ಲದ ಡೆಲ್‌ರೀಡ್~ ಬಳಸಿದ್ರ ತಡೆ ಪೂರ್ತಿ ಸ್ಯಾಂಪಲಿಗೆ ಹೊಂದಿಕೋತದ, ಸ್ವರ ಇನ್ನಷ್ಟು ಅತ್ತಿತ್ತ ಆಗ್ತದ.

ಮುಂದ ಎತ್ತರದ ಸ್ವರಕ್ಕ ಇದೇ ತಂತಿ ಬಳಸೋ ವಿಚಾರ ಇದ್ರ: ಹಿಂಗ ಸುತ್ತಿ ಹಚ್ಚಿದ ತಡೆ ಒಂದು ಬ್ಲಾಕಿಗಿಂತ, ಅಂದ್ರ 1.45 ಮಿಲಿಸೆಕೆಂಡಿಗಿಂತ ಕಮ್ಮಿ ಆಗಲ್ಲ. 689 ಹರ್ಟ್ಜ್ ದಾಟಿ ಸ್ವರ ಏರಲ್ಲ. ಆವಾಗ ತಂತಿಯನ್ನ ಸಬ್‌ಪ್ಯಾಚಿನೊಳಗ ಇಟ್ಟು [ಬ್ಲಾಕ್~ 1] ಹಾಕ್ರಿ, ಪ್ರೊಸೆಸರಿಗೆ ಭಾರ ಬೀಳ್ತದ, ಗೊತ್ತಿರಲಿ.

ಸೇಡಂ_ಸೌಂಡ್:

ಪ್ಲಗ್‌ಡೇಟಾ ಹೆಸರು ಯಾರೂ ತಗೀಲಿಲ್ಲ. ಒಳಗ ಪಿಡಿನೇ, ತೆರಿ ಚಂದ ಅದ, ಕೌಂಟರಿನಂಥ ಬಾಕ್ಸೂ ಕೂಡೇ ಬರ್ತಾವ. ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗ ಪ್ಲಗಿನ್ ಆಗಿಯೂ ನಡೀತದ. ಆದ್ರ ಅದರ ಹೆಚ್ಚಿನ ಬಾಕ್ಸ್ ಬಳಸಿದ ಪ್ಯಾಚ್ ವೆನಿಲಾದಾಗ ಚುಕ್ಕಿ ಗೆರಿ ಆಗ್ತದ. ಆದ್ದರಿಂದ ಮ್ಯಾಲಿನವರು ಹೇಳಿದಂಗ ವೆನಿಲಾ ಬಾಕ್ಸಿನಿಂದಲೇ ಕಟ್ರಿ, ಎರಡರಾಗೂ ತೆರೀತದ.

ಮೈಕ್ ಸೆಟ್ಟಿನ ಮಾತು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಂದ ಎಕ್ಸ್‌ಎಲ್‌ಆರ್‌ಗೆ (ಮೂರು ಪಿನ್ನಿನ ಮೈಕ್ ಜೋಡಣಿ) ನೇರ ಹೋಗೋ ಕೇಬಲ್ ತರಬ್ಯಾಡ್ರಿ. ಎಕ್ಸ್‌ಎಲ್‌ಆರ್ ಇನ್‌ಪುಟ್ ಎರಡು ಎಳೆಗಳ ನಡುವಿನ ಫರಕನ್ನಷ್ಟೇ ಕೇಳ್ತದ. ನಿಮ್ಮ ಪ್ಯಾಚ್ ಎಡಕ್ಕೂ ಬಲಕ್ಕೂ ಒಂದೇ ಆವಾಜ ಕಳಸ್ತದ, ಒಂದರಾಗ ಒಂದು ಕಳದು ಏನೂ ಉಳಿಯಲ್ಲ. ಹೆಡ್‌ಫೋನಿನಾಗ ಬರ್ತದ, ಸ್ಪೀಕರಿನಾಗ ಇಲ್ಲ ಅಂತ ಒದ್ದಾಡೋದು ಇದಕ್ಕೇ. 3.5 ಮಿಲಿಮೀಟರ್ ಸ್ಟೀರಿಯೋದಿಂದ ಎರಡು 6.35 ಮೋನೋ ಪಿನ್ ಇರೋ ವೈ ಕೇಬಲ್ ತಗೋರಿ, ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಯಾಗ ಕೇಳ್ರಿ. ಮಿಕ್ಸರಿನ ಲೈನ್ ತೂತಿಗೆ ಹಚ್ರಿ, ಮೈಕ್ ತೂತಿಗೆ ಹಚ್ಚಿದ್ರ ಒಡೀತದ. ಒಂದೇ ಚಾನೆಲ್ ಖಾಲಿ ಇದ್ರ ಒಂದು ಪಿನ್ ಹಚ್ಚಿದ್ರೂ ಸಾಕು, ನಿಮ್ಮದು ಹೆಂಗೂ ಮೋನೋ.

ಚಾರ್ಜರ್ ಹಚ್ಚಿದಾಗ ಮಾತ್ರ ಗುಂಯ್ ಅಂದ್ರ ಅರ್ಥಿಂಗ್ ಸುತ್ತು ಆಗ್ಯದ. ಚಾರ್ಜರ್ ತಗದು ನೋಡ್ರಿ, ನಿಂತ್ರ ಖಾತ್ರಿ. ಭಜನಿ ಮುಗಿಯೋತನ ಬ್ಯಾಟರಿ ತಡೀದಿದ್ರ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ಲ್ಯಾಪ್‌ಟಾಪ್, ಮಿಕ್ಸರ್ ನಡುವಿನ ನೇರ ಕರೆಂಟ್ ಸಂಬಂಧ ಕಡಿಯೋ ಪೆಟ್ಟಿಗಿ) ನಡುವ ಹಾಕ್ರಿ. ಪ್ಲಗಿನ ಅರ್ಥ್ ಪಿನ್ ಮಾತ್ರ ಮುರೀಬ್ಯಾಡ್ರಿ, ಮೈಕ್ ಹಿಡಿದವರಿಗೆ ಶಾಕ್ ಹೊಡೀತದ.