ಪಿಟೀಲಿನಲ್ಲಿ ಸ್ವಂತ ಟ್ಯೂನ್ ಕಟ್ಟೋಕೆ ಕಾಯಬೇಕಾ?

ಸಾಗರದ_ಕಮಾನು: ಪಿಟೀಲಿನಲ್ಲಿ ಕರ್ನಾಟಕ ಸಂಗೀತ ಕಲೀತಿದ್ದೀನಿ, ಈಗ ವರ್ಣದ (ಕೃತಿಗಿಂತ ಮೊದಲು ಕಲಿಯೋ ರಚನೆ) ಪಾಠ ನಡೀತಿದೆ. ಐರಿಶ್ ಜಿಗ್ (ಅವರ ಕುಣಿತದ ಟ್ಯೂನ್) ಕೇಳಿ ಕೇಳಿ ನಂದೇ ಒಂದು ಟ್ಯೂನ್ ಕಟ್ಟೋ ಆಸೆ ಬಂದಿದೆ. ಮೇಷ್ಟ್ರು ‘ಮೊದಲು ಒಂದಷ್ಟು ಕೃತಿ ಆಗ್ಲಿ’ ಅಂತಾರೆ. ಕಾಯ್ಲಾ?

ತುಂಗಾತೀರ: ಕಾಯಲೇಬೇಕು. ಪಿಟೀಲು ವಿದ್ವಾನ್ ಚೌಡಯ್ಯನವರು ‘ತ್ರಿಮಕುಟ’ ಅಂಕಿತದಲ್ಲಿ ರಚನೆ ಮಾಡಿದ್ರು ನಿಜ, ಆದ್ರೆ ಬಿಡಾರಂ ಕೃಷ್ಣಪ್ಪನವರ ಹತ್ರ ವರ್ಷಗಟ್ಟಲೆ ಕಲಿತವರು ಅವರು.

ಹೊಸನಗರದ_ಮಳೆ: ಎಂತ ಮಾರಾಯ್ರೆ, ಪ್ರಶ್ನೆ ಕೇಳಿದವ್ರೇನು ಕೃತಿ ರಚಿಸ್ತೀನಿ ಅಂದ್ರಾ? ಜಿಗ್ ಚಿಕ್ಕದು. ಎರಡು ಭಾಗ, ಸಾಮಾನ್ಯವಾಗಿ ಎಂಟೆಂಟು ಬಾರ್ (ತಾಳದ ಚಿಕ್ಕ ತುಂಡು), ಒಂದೊಂದನ್ನೂ ಎರಡೆರಡು ಸಲ ನುಡಿಸೋದು. ಒಂದು ಬಾರ್‌ಗೆ ಮೂರು ಮೂರು ಎಣಿಕೆಯ ಎರಡು ಪೆಟ್ಟು. ನಮ್ಮ ಲೆಕ್ಕದಲ್ಲಿ ತಿಶ್ರ ನಡೆ (ಪೆಟ್ಟಿಗೆ ಮೂರು ಎಣಿಕೆ) ಆದಿತಾಳದ, ಅಂದ್ರೆ ಎಂಟು ಪೆಟ್ಟಿನ ತಾಳದ, ಎರಡು ಆವರ್ತಕ್ಕೆ (ಸುತ್ತಿಗೆ) ಒಂದು ಭಾಗ. ಮೊದಲ ಎರಡು ಬಾರ್ ಸಿಕ್ಕಿದ್ರೆ ಅರ್ಧ ಕೆಲಸ ಆಯ್ತು. ಅದನ್ನೇ ಐದನೇ ಬಾರ್‌ನಿಂದ ಮತ್ತೆ ತಂದು ಕೊನೆ ಮಾತ್ರ ಬದಲಿಸಿ. ಎರಡನೇ ಭಾಗ ಮೇಲಿನ ತಂತಿಗೆ ಏರಲಿ. ನಮ್ಮದು ಸ-ಪ-ಸ-ಪ ಶ್ರುತಿ ಅಲ್ವಾ, ಕೆಳಗಿನ ಎರಡು ತಂತಿಯ ಬೆರಳನ್ನೇ ಮೇಲಿನ ಎರಡಕ್ಕೆ ಇಟ್ರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರುತ್ತೆ. ಪಾಶ್ಚಾತ್ಯರ ಜಿ-ಡಿ-ಎ-ಇ ಶ್ರುತಿಯಲ್ಲಿ ಈ ಅನುಕೂಲ ಇಲ್ಲ.

ತುಂಗಾತೀರ: ಜಿಗ್ ಅಂದ್ರೆ ಗಮಕ (ಸ್ವರದ ಓಲಾಟ) ಇಲ್ಲದ ಶಂಕರಾಭರಣ ರಾಗದ ಹಾಗೆ, ಅದು ಯಾರಿಗೆ ಬೇಕು?

ಕೊಪ್ಪದ_ಕಾಫಿ: ಮುತ್ತುಸ್ವಾಮಿ ದೀಕ್ಷಿತರಿಗೆ ಬೇಕಾಗಿತ್ತಲ್ಲ! ಪಾಶ್ಚಾತ್ಯ ಟ್ಯೂನಿನ ಅವರ ನೊಟ್ಟುಸ್ವರ ಅಂದ್ರೆ ಮತ್ತೆಂತದು? ಅವರ ತಮ್ಮ ಬಾಲುಸ್ವಾಮಿ ಪಿಟೀಲು ಕಲಿತಿದ್ದೂ ಯುರೋಪಿನವರ ಹತ್ರಾನೇ.

ತುಂಗಾತೀರ: ದೀಕ್ಷಿತರು ಟ್ಯೂನ್ ಕಟ್ಟಲಿಲ್ಲ ಸ್ವಾಮಿ, ಇದ್ದ ಟ್ಯೂನಿಗೆ ಸಾಹಿತ್ಯ ಹಾಕಿದ್ರು.

ಕೊಪ್ಪದ_ಕಾಫಿ: ಅದೂ ಹೌದು.

ತೀರ್ಥಹಳ್ಳಿ_ಅಕ್ಕ: ತಮ್ಮಾ, ಖಾಲಿ ಕೂತು ಯೋಚಿಸಿದ್ರೆ ಎಲ್ಲೋ ಕೇಳಿದ್ದೇ ಕೈಗೆ ಬರೋದು. ದೀಪಾವಳಿಗೆ ಅಂಟಿಗೆ-ಪಂಟಿಗೆಯವರು ದೀಪ ಹಿಡ್ಕೊಂಡು ಮನೆಮನೆಗೆ ಬರ್ತಾರಲ್ಲ, ಅವರ ಹಾಡಿನ ಒಂದೇ ಸಾಲು ನುಡಿಸು. ಆಮೇಲೆ ಲಯ ಹಾಗೇ ಇಟ್ಟು ಸ್ವರ ಪೂರಾ ಬದಲಿಸು. ಫೋನಲ್ಲಿ ರೆಕಾರ್ಡ್ ಮಾಡು, ಆದ್ರೆ ಮಾರನೇ ದಿನ ಅದನ್ನ ಕೇಳದೇ ನುಡಿಸಿ ನೋಡು. ಎಲ್ಲಿ ತಡವರಿಸ್ತೀಯೋ ಅಲ್ಲೇ ತಿದ್ದಬೇಕು.

ಸಾಗರದ_ಕಮಾನು: ಮೋಹನ ರಾಗದಲ್ಲಿ ಎರಡು ಬಾರ್ ಬಂತು: ಸರಿಗ ಪಗರಿ | ಗಪದ ಸದಪ. ಮುಂದೆ?

ಹೊಸನಗರದ_ಮಳೆ: ಚೆನ್ನಾಗಿದೆ. ನಾಲ್ಕನೇ ಬಾರ್‌ನ ಕೊನೆಗೆ ರಿಷಭದ ಮೇಲೆ ನಿಲ್ಲಿಸಿ, ಮುಗೀಲಿಲ್ಲ ಅನ್ನಿಸ್ಬೇಕು. ಎಂಟನೆಯದರಲ್ಲಿ ಷಡ್ಜಕ್ಕೆ ಬನ್ನಿ.

ತುಂಗಾತೀರ: ಮೋಹನ ಅಂತ ಹೇಳಿದ ಮೇಲೆ ಅದರಲ್ಲಿಲ್ಲದ ಮಧ್ಯಮ ನುಸುಳಿಸಬೇಡಿ, ಅಷ್ಟು ಮಾಡಿ ಸಾಕು. ಎಂಟು ಬಾರ್ ಆದ ಮೇಲೆ ಇಲ್ಲಿ ಹಾಕಿ.